ಅಗೂಟಿ ವಂಶವಾಹಿ

ಇಲಿಯ ಎರಡನೇ ವರ್ಣತಂತುವಿನಲ್ಲಿರುವ, ತುಪ್ಪಳದ ಬಣ್ಣ ನಿರ್ಧರಿಸುವ ವಂಶವಾಹಿ. ವಂಶವಾಹಿ ಇದ್ದರೆ ಸಾಲದು, ಅದು ದೇಹದ ಯಾವ ಭಾಗದಲ್ಲಿ, ಯಾವ ಹೊತ್ತಿನಲ್ಲಿ ಚಾಲೂ ಆಗುತ್ತದೆ ಎಂಬುದೂ ಮುಖ್ಯ. ಇದನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸುವ ಉದಾಹರಣೆ ಪ್ರಯೋಗಾಲಯದ ಪ್ರಾಣಿಗಳಲ್ಲಿ ವಿರಳ.

ಕಂದು ಇಲಿಯ ಬೆನ್ನಿನ ಒಂದು ಕೂದಲನ್ನು ಭೂತಗನ್ನಡಿಯಲ್ಲಿ ನೋಡಿದರೆ ತುದಿ ಕಪ್ಪು, ಅದರ ಕೆಳಗೆ ಹಳದಿ ಪಟ್ಟೆ, ಅಲ್ಲಿಂದ ಬುಡದವರೆಗೆ ಮತ್ತೆ ಕಪ್ಪು. ಕೂದಲು ಬೆಳೆಯುವ ಅವಧಿಯಲ್ಲಿ ಕೆಲವೇ ದಿನ ಚರ್ಮದಲ್ಲಿ ಅಗೂಟಿ ಪ್ರೋಟೀನು ತಯಾರಾಗುತ್ತದೆ. ಅದು ವರ್ಣಕೋಶಗಳ ಎಂಸಿ1ಆರ್ ಗ್ರಾಹಕವನ್ನು ತಡೆಯುತ್ತದೆ. ಆಗ ಕಪ್ಪಿನ ಬದಲು ಹಳದಿ ವರ್ಣದ್ರವ್ಯ ಹುಟ್ಟುತ್ತದೆ. ತುದಿಯೇ ಮೊದಲು ಬೆಳೆಯುವುದರಿಂದ ಪಟ್ಟೆಯೂ ತುದಿಯ ಹತ್ತಿರವೇ ಬೀಳುತ್ತದೆ.

ಪೂರ್ತಿ ಹಳದಿಯಾದ ಇಲಿಗಳಿಂದ ಶುದ್ಧ ತಳಿ ಪಡೆಯಲಾಗದು ಎಂದು ಫ್ರಾನ್ಸಿನ ಲೂಸಿಯೆನ್ ಕ್ಯುಯೆನೋ 1905ರಲ್ಲಿ ಗಮನಿಸಿದ. ಆ ಹಳದಿ ರೂಪದ ಎರಡು ಪ್ರತಿ ಸೇರಿದ ಭ್ರೂಣ ಗರ್ಭದಲ್ಲೇ ಸಾಯುತ್ತದೆ. 

ಮುಂದೆ ಸಿಕ್ಕ ಇನ್ನೊಂದು ಹಳದಿ ರೂಪ ಹೀಗೆ ಮಾರಕವಲ್ಲ. ಇದರಲ್ಲಿ ವಂಶವಾಹಿಯ ಮುಂಭಾಗಕ್ಕೆ, ಜಾಗ ಬದಲಿಸಬಲ್ಲ ಡಿಎನ್‌ಎ ತುಣುಕೊಂದು ಬಂದು ಸೇರಿದೆ. ಅದರ ಪ್ರಭಾವದಿಂದ ಅಗೂಟಿ ಪ್ರೋಟೀನು ಮೈಯೆಲ್ಲ, ಸದಾಕಾಲ ತಯಾರಾಗುತ್ತದೆ. ಮಿದುಳಿನಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಎಂಸಿ4ಆರ್ ಗ್ರಾಹಕವನ್ನೂ ತಡೆಯುವುದರಿಂದ ಇಲಿ ಅತಿಯಾಗಿ ತಿಂದು ಬೊಜ್ಜು ಬೆಳೆಸಿಕೊಳ್ಳುತ್ತದೆ. ಆ ತುಣುಕಿಗೆ ಮೀಥೈಲ್ ಗುಂಪುಗಳು ಅಂಟಿಕೊಂಡರೆ ಅದು ಸುಮ್ಮನಾಗುತ್ತದೆ. ಇಲಿ ಕಂದಾಗಿ, ಸಪೂರವಾಗಿ ಬೆಳೆಯುತ್ತದೆ. ಹಾಗಾಗಿ ಒಂದೇ ಸೂಲಿನ, ಒಂದೇ ವಂಶವಾಹಿಗಳ ಮರಿಗಳಲ್ಲಿ ಕೆಲವು ಹಳದಿ, ಕೆಲವು ಮಚ್ಚೆ ಮಚ್ಚೆ, ಕೆಲವು ಕಂದು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ವಾಟರ್‌ಲ್ಯಾಂಡ್ ಮತ್ತು ರ‍್ಯಾಂಡಿ ಜರ್ಟಲ್ ತಾಯಿ ಇಲಿಗಳ ಆಹಾರಕ್ಕೆ, ಮೀಥೈಲ್ ಗುಂಪುಗಳ ಪೂರೈಕೆಗೆ ನೆರವಾಗುವ ಫೋಲಿಕ್ ಆಮ್ಲ, ಬಿ12, ಕೋಲೀನ್, ಬೀಟೇನ್ ಸೇರಿಸಿ ನೋಡಿದರು. ಕೂಡಿಸುವ ಮೊದಲಿನಿಂದ ಹಾಲೂಡಿಸುವವರೆಗೂ ಈ ಆಹಾರ ತಿಂದ ತಾಯಂದಿರ ಮರಿಗಳಲ್ಲಿ ಕಂದು ಬಣ್ಣ ಹೆಚ್ಚಿತು (2003). ಮರಿಗಳ ಡಿಎನ್‌ಎ ಅನುಕ್ರಮ ಮಾತ್ರ ಬದಲಾಗಿರಲಿಲ್ಲ. ಇದು ಮಹತ್ವದ ಫಲಿತಾಂಶ ನಿಜ. ಆದರೆ ಹೊರಗಿನಿಂದ ಸೇರಿದ ಆ ತುಣುಕಿನ ವಿಶೇಷ ಗುಣವೇ ಇದಕ್ಕೆ ಕಾರಣ. ಹೆಚ್ಚಿನ ವಂಶವಾಹಿಗಳು ತಾಯಿಯ ಆಹಾರಕ್ಕೆ ಹೀಗೆ ಸ್ಪಂದಿಸುವುದಿಲ್ಲ. ಗರ್ಭಿಣಿಯರು ಮಿತಿಮೀರಿ ವಿಟಮಿನ್ ಸೇವಿಸಲು ಇದನ್ನು ಆಧಾರವಾಗಿ ತೋರಿಸುವುದು ತಪ್ಪು.