ಬಿಸಿಲಿನ ಮೇಲೆ ಹೊರಿಸಿದ ತಪ್ಪು

ಮರಳಿಯ ಶಾಲೆಯಲ್ಲಿದ್ದಾಗ ಒಂದು ದಿನ ಆರನೆಯ ತರಗತಿಯ ಹುಡುಗಿಯ ತಾಯಿ ಬಂದು, “ಅಕ್ಕಾರ, ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ. ಸಾಲಿ ಸಾಕು, ಟೀಸಿ ಕೊಡ್ರಿ” ಎಂದಳು. ಹುಡುಗಿಗೆ ಹನ್ನೊಂದು ತುಂಬಿತ್ತಷ್ಟೆ. “ಬಿಸಿಲ ಸೀಮಿ ನೋಡ್ರಿ, ಲಗೂನ ನೆರೀತಾವ” ಎಂದು ಕಾರಣವನ್ನೂ ಆಕೆಯೇ ಹೇಳಿದಳು.

“ನೀ ಎಷ್ಟನೇ ವರ್ಷಕ್ಕ ಆಗಿದ್ದಿ, ತಂಗಿ?” ಎಂದೆ.

ನಾಚಿಕೊಂಡು, “ನಾನೂ ಇಷ್ಟರಾಗ ಇದ್ದೆರಿ. ನಮ್ಮವ್ವನೂ ಹಂಗ ಅಂತ” ಎಂದಳು.

ಉತ್ತರ ಆಕೆಯ ಬಾಯಲ್ಲೇ ಇತ್ತು. ಆದರೂ ತಪ್ಪು ಬಿಸಿಲಿನ ಮೇಲೆ!

ಈ ಮಾತು ಹಳೆಯದು. ಉಷ್ಣದೇಶದ ಹೆಣ್ಣುಮಕ್ಕಳು ಎಂಟು, ಒಂಬತ್ತು, ಹತ್ತಕ್ಕೇ ಮದುವೆಗೆ ಬರುತ್ತಾರೆಂದು ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಬರೆದಿದ್ದ. 1840ರ ದಶಕದಲ್ಲಿ ಮ್ಯಾಂಚೆಸ್ಟರಿನ ವೈದ್ಯ ಜಾನ್ ರಾಬರ್ಟನ್ ಇದನ್ನು ಒಪ್ಪಲಿಲ್ಲ. ಭಾರತದ ಲೆಕ್ಕಗಳನ್ನೂ ತರಿಸಿ ನೋಡಿ, ಬಾಲ್ಯವಿವಾಹಕ್ಕೆ ಕಾರಣ ಹವೆಯಲ್ಲ, ರೂಢಿ ಎಂದ.

1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದಾಗ, ಕೆಲವರು 12ರೊಳಗೇ ನೆರೆಯುತ್ತಾರೆ, ಗರ್ಭಾದಾನ ತಪ್ಪುತ್ತದೆ ಎಂದು ಗಲಾಟೆಯಾಯಿತು. ಮೈಸೂರು ಸಂಸ್ಥಾನ 1894ರಲ್ಲಿ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. 1929ರ ಶಾರದಾ ಕಾಯ್ದೆ 14 ಎಂದಿತು. ಆದರೆ ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ, ನಮ್ಮ ಸೀಮೆ ಆಗ ನಿಜಾಮನ ಆಳ್ವಿಕೆಯಲ್ಲಿತ್ತು. 1978ರಲ್ಲಿ ಹೆಣ್ಣಿನ ಮದುವೆಯ ವಯಸ್ಸು 18 ಆಯಿತು. ಮೈನೆರೆಯುವುದಕ್ಕೂ ಮದುವೆಗೂ ಹಾಕಿದ್ದ ಗಂಟನ್ನು ಬಿಚ್ಚಲು ಇಷ್ಟು ಕಾಲ ಬೇಕಾಯಿತು.

ಹಾಗಾದರೆ ಒಬ್ಬಳು ಬೇಗ, ಇನ್ನೊಬ್ಬಳು ತಡವಾಗಿ ನೆರೆಯುವುದೇಕೆ? ಅವಳಿ ಸೋದರಿಯರನ್ನು ಹೋಲಿಸಿದ ವಿಜ್ಞಾನಿಗಳು, ಈ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಂಶದಿಂದ ಬಂದದ್ದೆನ್ನುತ್ತಾರೆ. 2009ರಲ್ಲಿ ಇದಕ್ಕೆ ಸಂಬಂಧಿಸಿದ ಲಿನ್28ಬಿ ಎಂಬ ಜೀನ್ ಗುರುತಿಸಲಾಯಿತು. 2024ರ ಹೊತ್ತಿಗೆ, ಸುಮಾರು 8 ಲಕ್ಷ ಹೆಂಗಸರ ಅಧ್ಯಯನದಿಂದ, ಇಂಥ ಸಾವಿರಕ್ಕೂ ಹೆಚ್ಚು ಸಣ್ಣ ವ್ಯತ್ಯಾಸಗಳು ಸಿಕ್ಕವು. ಉಳಿದದ್ದರಲ್ಲಿ ಊಟ, ತೂಕ, ಕಾಯಿಲೆಗಳ ಪಾಲಿದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹದಿನಾರರ ಆಚೀಚೆ ನೆರೆಯುತ್ತಿದ್ದವರು ಈಗ ಹದಿಮೂರರ ಹತ್ತಿರ ನೆರೆಯುತ್ತಾರೆ. ಇಷ್ಟರಲ್ಲಿ ಜೀನ್ ಬದಲಾಗಿಲ್ಲ, ತಟ್ಟೆಯ ಊಟ ಬದಲಾಗಿದೆ. ತಂಪು ದೇಶದಲ್ಲೇ ಹೀಗಾದ ಮೇಲೆ ಬಿಸಿಲನ್ನು ಬೈದು ಫಲವೇನು?

ಮುಟ್ಟು ನಿಲ್ಲುವುದೂ ಹೀಗೆಯೇ. 2021ರಲ್ಲಿ ಸುಮಾರು 2 ಲಕ್ಷ ಹೆಂಗಸರ ಅಧ್ಯಯನ ವಂಶವಾಹಿಯಲ್ಲಿ 290 ತಾಣಗಳನ್ನು ಗುರುತಿಸಿತು. ಪಾಶ್ಚಾತ್ಯರಲ್ಲಿ ಸರಾಸರಿ 51ಕ್ಕೆ ನಿಂತರೆ ನಮ್ಮಲ್ಲಿ 46-47ಕ್ಕೇ ನಿಲ್ಲುತ್ತದೆ. ತಾಯಿಗೆ ಬೇಗ ನಿಂತಿದ್ದರೆ ಮಗಳಿಗೂ ಬೇಗ ನಿಲ್ಲುವ ಸಂಭವ ಹೆಚ್ಚು. ನಲವತ್ತರೊಳಗೇ ನಿಂತರೆ ವೈದ್ಯರನ್ನು ಕಾಣಲೇಬೇಕು. ಎಲುಬು ಬೇಗ ಸವೆಯುತ್ತವೆ.

ನನಗೆ ನಲವತ್ನಾಲ್ಕಕ್ಕೆ ಮುಟ್ಟು ಏರುಪೇರಾದಾಗ ದೊಡ್ಡ ರೋಗವೇ ಬಂತೆಂದು ಅತ್ತಿದ್ದೆ. ಅವ್ವನ ಮುಂದೆ ಹೇಳಿದರೆ, “ನನಗೂ ಆಗಲೇ ನಿಂತಿತ್ತು” ಎಂದಳು. “ಮೊದಲೇ ಯಾಕ ಹೇಳಲಿಲ್ಲವಾ?” ಎಂದರೆ, “ನೀ ಯಾವಾಗ ಕೇಳಿದಿ?” ಎಂದಳು.

ತಾಯಂದಿರೇ, ಒಡವೆಯ ಲೆಕ್ಕ ಹೇಳುವಂತೆ ಮಗಳಿಗೆ ಇದನ್ನೂ ಹೇಳಿಡಿ.

ಅಂದು ಟೀಸಿ ಕೊಡಲಿಲ್ಲ. “ಮೈ ನಿನ್ನಿಂದ ಬಂದದ್ದು, ತಂಗಿ, ಅದಕ್ಕೆ ಆಕೆಯ ಸಾಲಿ ಯಾಕ ಬಿಡಿಸ್ತಿ?” ಎಂದು ಕಳಿಸಿದೆ. ಆ ಹುಡುಗಿ ಹತ್ತನೆಯ ತರಗತಿ ಪಾಸಾಗಿ ಪೇಡೆ ಹಿಡಿದು ಬಂದಳು. ಹಿಂದೆ ಆಕೆಯ ಅವ್ವನೂ ಇದ್ದಳು.