ಕ್ಲಿನಿಕಲ್ ಅಧ್ಯಯನಗಳ ನಿರ್ವಹಣೆ (ಕರ್ನಾಟಕ)

ಹೊಸ ಔಷಧವನ್ನೋ ಆರೈಕೆಯ ಕ್ರಮವನ್ನೋ ಜನರಲ್ಲಿ ಪರೀಕ್ಷಿಸುವಾಗ ಒಪ್ಪಿಗೆ ಪತ್ರ, ಔಷಧದ ದಾಸ್ತಾನು, ಸಿಬ್ಬಂದಿಯ ತರಬೇತಿ, ದಾಖಲೆ, ಹಣ, ಗಡುವು ಎಲ್ಲವನ್ನೂ ಹಳಿ ತಪ್ಪದಂತೆ ನಡೆಸುವ ಕೆಲಸ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ (1948) ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದು ಮುಚ್ಚಿದ ಲಕೋಟೆಯೊಳಗಿತ್ತು. ವೈದ್ಯರ ಮರ್ಜಿಗೆ ಅಲ್ಲಿ ಜಾಗವಿರಲಿಲ್ಲ. ಕರ್ನಾಟಕದಲ್ಲಿ ಈ ಶಿಸ್ತು ಪಳಗಿದ್ದು ಹೆಚ್ಚಾಗಿ ಹಳ್ಳಿಗಳಲ್ಲಿ.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತಿನ ಸಮೀಕ್ಷೆ ನಡೆಸಿತು. ಅದು ಔಷಧ ಪ್ರಯೋಗವಲ್ಲ. ಆದರೂ ಮನೆಮನೆಯ ಜನಗಣತಿ, ಟ್ಯೂಬರ್ಕ್ಯುಲಿನ್ ಪರೀಕ್ಷೆ, ಎಕ್ಸ್‌ರೇ, ಕಫದ ತಪಾಸಣೆ ಇಷ್ಟನ್ನೂ ಅದೇ ಜನರಿಗೆ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡಬೇಕಿತ್ತು. ಹೊಲಕ್ಕೋ ಗುಳೆಗೋ ಹೋದವರನ್ನು ಲೆಕ್ಕದಿಂದ ಬಿಟ್ಟರೆ ಫಲಿತಾಂಶವೇ ಕೆಡುತ್ತದೆ.

ನಿಜವಾದ ಕ್ಲಿನಿಕಲ್ ಪ್ರಯೋಗವೊಂದು ಹಳ್ಳಿಯ ಹೆರಿಗೆ ಮನೆಯನ್ನು ಹೊಕ್ಕಿದ್ದು ಬೆಳಗಾವಿ ಜಿಲ್ಲೆಯಲ್ಲಿ. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಗುಳಿಗೆ ತಡೆಯಬಲ್ಲದೇ ಎಂಬುದು ಪ್ರಶ್ನೆ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ವಿಭಾಗದೊಡನೆ ಸೇರಿ 2002ರಿಂದ 2005ರವರೆಗೆ ಇದನ್ನು ನಡೆಸಿತು. ಗುಳಿಗೆ ಕೊಟ್ಟವರು ವೈದ್ಯರಲ್ಲ, ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ಸಿಸ್ಟರ್‌ಗಳು. ಹೆರಿಗೆ ನಡೆದದ್ದು ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ.

ರಕ್ತವನ್ನು ಅಳೆಯುವುದೇ ದೊಡ್ಡ ತಲೆನೋವು. ಬಟ್ಟೆ ನೆನೆದದ್ದನ್ನು ಕಣ್ಣಳತೆಯಲ್ಲಿ ನೋಡಿ ಹೇಳಿದರೆ ಎಷ್ಟೋ ಸಲ ಅಂದಾಜು ಕಡಿಮೆಯಾಗುತ್ತದೆ. ಅದಕ್ಕಾಗಿ ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಆಲಿಕೆಯಾಕಾರದ ಚೀಲವಿರುವ ಪ್ಲಾಸ್ಟಿಕ್ ಹಾಳೆ ಬಳಕೆಗೆ ಬಂತು. ಚೀಲದ ಮೇಲೆ ಅಳತೆ ಗೆರೆ. ಮಂದ ಬೆಳಕಿನ ಕೋಣೆಯಲ್ಲೂ ಸಿಸ್ಟರ್ ಓದಿ ಬರೆದುಕೊಳ್ಳಬಹುದಿತ್ತು. ನಿರ್ವಹಣೆಯ ಮಟ್ಟಿಗೆ ಈ ಅಧ್ಯಯನದ ದೊಡ್ಡ ಗಳಿಕೆ ಗುಳಿಗೆಗಿಂತ ಈ ಹಾಳೆಯೇ ಎನ್ನಬೇಕು. 1,620 ಮಹಿಳೆಯರ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು: 500 ಮಿಲಿಲೀಟರು ಅಥವಾ ಹೆಚ್ಚಿನ ಸ್ರಾವ ಪ್ಲಾಸೆಬೊ ಪಡೆದವರಲ್ಲಿ ಶೇ 12, ಗುಳಿಗೆ ಪಡೆದವರಲ್ಲಿ ಶೇ 6.4. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇತ್ತ ಬೆಂಗಳೂರಿನಲ್ಲಿ ಔಷಧ ಕಂಪನಿ ಬಯೋಕಾನ್ 2000ದಲ್ಲಿ ಕ್ಲಿನಿಜೀನ್ ಎಂಬ ಕಂಪನಿಯನ್ನು ಆರಂಭಿಸಿತು; ಬೇರೆಯವರಿಗಾಗಿ ಪ್ರಯೋಗ ನಡೆಸಿಕೊಡುವ ಗುತ್ತಿಗೆ ಸಂಶೋಧನೆಯೂ ಬೇರೂರಿತು. ಕಾನೂನು ಆಮೇಲೆ ಬಂತು: ಪ್ರಯೋಗಗಳ ರಾಷ್ಟ್ರೀಯ ನೋಂದಣಿ 2007ರಲ್ಲಿ ತೆರೆದು 2009ರ ಜೂನ್ 15ರಿಂದ ಕಡ್ಡಾಯವಾಯಿತು, 2019ರ ಮಾರ್ಚ್‌ನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಜಾರಿಗೆ ಬಂದವು.

ಕೊಪ್ಪಳ ಜಿಲ್ಲೆಯ ಹೆಸರು ಈ ಇತಿಹಾಸಕ್ಕೆ ಸೇರಿದ್ದು ಕಾಂಗರೂ ಆರೈಕೆಯ ಅಧ್ಯಯನದಿಂದ. ವಿಶ್ವ ಆರೋಗ್ಯ ಸಂಸ್ಥೆ ಇಥಿಯೋಪಿಯ ಮತ್ತು ಭಾರತದಲ್ಲಿ ನಡೆಸಿದ ಈ ಅಧ್ಯಯನದ ಕರ್ನಾಟಕದ ತಾಣ ಕೊಪ್ಪಳ; ಹೊಣೆ ಹೊತ್ತದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿ ದಿನಕ್ಕೆ ಎಂಟು ಗಂಟೆಯಾದರೂ ಎದೆಗಪ್ಪಿಕೊಂಡು, ಎದೆಹಾಲನ್ನಷ್ಟೇ ಉಣಿಸಬೇಕು. ಔಷಧ ಪ್ರಯೋಗದಲ್ಲಿ ಮೊದಲೇ ಬರೆದಿಟ್ಟ ವಿಧಾನವನ್ನು ನಡುವೆ ಮನಬಂದಂತೆ ಬದಲಿಸುವಂತಿಲ್ಲ. ಇಲ್ಲಿ ಅಡ್ಡಿ ಕಂಡಲ್ಲಿ ವ್ಯವಸ್ಥೆಯನ್ನೇ ತಿದ್ದಿ ಮತ್ತೆ ಅಳೆಯಬೇಕಿತ್ತು. ತೂಗುವುದರಿಂದ ಹಿಡಿದು ಬಾಣಂತಿಗೆ ವಾರ್ಡಿನಲ್ಲಿ ಹಾಸಿಗೆ ಸಿಗುವವರೆಗೆ, ಆಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುವವರೆಗೆ ಎಲ್ಲವೂ ನಿರ್ವಹಣೆಯ ಬಾಬ್ತೇ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಭಾರತದ ತಾಣಗಳಲ್ಲಿ ಬಿಡುಗಡೆಯ ಹೊತ್ತಿಗೆ ಶೇ 55ರಷ್ಟು ಶಿಶುಗಳಿಗೆ ಈ ಆರೈಕೆ ಸಿಗುತ್ತಿತ್ತು. ಕರ್ನಾಟಕದ ತಾಣದಲ್ಲಿ, ಮನೆಗೆ ಹೋದ ಏಳನೆಯ ದಿನ ಅದು ಮುಂದುವರಿದಿದ್ದು ಶೇ 36ರಷ್ಟು ಶಿಶುಗಳಿಗೆ ಮಾತ್ರ.