ಕಟಕಟೆಯಲ್ಲಿ ತುಪ್ಪ

ಡೊಂಬಿವಲಿ, ಠಾಣೆಯ ಡೇರಿ ಅಂಗಡಿಗಳಲ್ಲಿ ಸಿಗುವ ‘ಸಾಜೂಕ್ ತೂಪ್’ನ ತೂಪ್ ಬೇರೇನಲ್ಲ, ನಮ್ಮ ತುಪ್ಪವೇ. ಹಾಲನ ‘ಗಾಥಾಸಪ್ತಶತಿ’ಯ ಪ್ರಾಕೃತದಲ್ಲೂ ಈ ಪದವಿದೆ, ಅದು ಕನ್ನಡದ ಕಡೆಯಿಂದ ಅಲ್ಲಿಗೆ ಹೋದದ್ದೆಂದು ನಮ್ಮ ವಿದ್ವಾಂಸರು ಹಿಂದೆಯೇ ವಾದಿಸಿದ್ದಾರೆ. ಇಷ್ಟು ಹಳೆಯ ಪದಾರ್ಥವನ್ನು 1987ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ಲೇಖನವೊಂದು ಕಟಕಟೆಗೆ ತಂದು ನಿಲ್ಲಿಸಿತು.

ಲೇಖನ ಬರೆದವರು ಜೇಕಬ್ಸನ್. ಲಂಡನ್ನಿಗೂ ವೆಸ್ಟ್ ಇಂಡೀಸಿಗೂ ವಲಸೆ ಹೋದ ಭಾರತೀಯರಲ್ಲಿ ರಕ್ತನಾಳ ಗಟ್ಟಿಯಾಗುವ ಕಾಯಿಲೆ ನಿರೀಕ್ಷೆಗಿಂತ ಹೆಚ್ಚಿತ್ತು, ಆಗ ಗೊತ್ತಿದ್ದ ಕಾರಣಗಳು ಅದಕ್ಕೆ ಸಾಲುತ್ತಿರಲಿಲ್ಲ. ಜೇಕಬ್ಸನ್ ತುಪ್ಪವನ್ನು ಪರೀಕ್ಷಿಸಿದರು. ಅದರಲ್ಲಿದ್ದ ಸ್ಟೆರಾಲ್‌ಗಳ ಪೈಕಿ ಶೇ. 12.3ರಷ್ಟು ಆಮ್ಲಜನಕದೊಡನೆ ಬೆರೆತು ರೂಪ ಬದಲಿಸಿದ ಕೊಲೆಸ್ಟೆರಾಲ್ ಆಗಿತ್ತು. ತಾಜಾ ಬೆಣ್ಣೆಯಲ್ಲಿ ಅದು ಕಾಣಲಿಲ್ಲ. ಕಾಯಿಸುವಾಗಲೇ ಇದು ಹುಟ್ಟುತ್ತದೆ, ವಲಸಿಗರ ಹೃದಯಕ್ಕೆ ಕುತ್ತು ತರುತ್ತಿರುವುದು ಇದೇ ಇರಬಹುದು ಎಂಬುದು ಅವರ ತರ್ಕ.

ಇಂಥ ಅನುಮಾನಕ್ಕೆ ಹಿನ್ನೆಲೆಯಿತ್ತು. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟೆರಾಲ್ ತಿನ್ನಿಸಿ, ಅವುಗಳ ರಕ್ತನಾಳ ಕೆಡುವುದನ್ನು ತೋರಿಸಿದ್ದರು. ದಶಕಗಳ ಕಾಲ ಪ್ರಯೋಗಾಲಯಗಳು ಅದನ್ನೇ ಮಾಡುತ್ತ ಬಂದವು. ಆದರೆ ಶೀಶೆಯಲ್ಲಿ ಕೂತ ಕೊಲೆಸ್ಟೆರಾಲ್ ಸುಮ್ಮನಿರುವುದಿಲ್ಲ, ಗಾಳಿ ತಾಗಿ ನಿಧಾನವಾಗಿ ಕೆಡುತ್ತದೆ. 1976ರಲ್ಲಿ ಇಮಾಯಿ, ಟೇಲರ್ ಮತ್ತವರ ಸಂಗಡಿಗರು ಹಳೆಯ ದಾಸ್ತಾನಿನಿಂದ ಕಲ್ಮಶವನ್ನು ಬೇರ್ಪಡಿಸಿ ಮೊಲಗಳಿಗೆ ಕೊಟ್ಟಾಗ ರಕ್ತನಾಳದ ಜೀವಕೋಶಗಳು ಸತ್ತವು; ಶುದ್ಧೀಕರಿಸಿದ್ದು ಹಾಗೆ ಮಾಡಲಿಲ್ಲ. ಹಳೆಯ ಮೊಲಗಳ ಸಾಕ್ಷ್ಯದಲ್ಲಿ ಅರ್ಧವಾದರೂ ಈ ಕಲ್ಮಶದ್ದೇ ಏನೋ!

ಇಲ್ಲೊಂದು ಅನುವಾದಕರ ತಕರಾರು. ನಮ್ಮ ಆರೋಗ್ಯ ಅಂಕಣಗಳು ಕೊಲೆಸ್ಟೆರಾಲನ್ನು ‘ಕೊಬ್ಬು’ ಎಂದು ಬರೆದು ಮುಗಿಸಿಬಿಡುತ್ತವೆ. ಆ ಹೆಸರಲ್ಲಿರುವುದು ಗ್ರೀಕಿನ ‘ಪಿತ್ತ’ ಮತ್ತು ‘ಗಟ್ಟಿ’. ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಕೊನೆಯ ‘ಆಲ್’ ಅದು ರಸಾಯನಶಾಸ್ತ್ರದ ಲೆಕ್ಕದಲ್ಲಿ ಆಲ್ಕೊಹಾಲ್ ಎಂಬುದರ ಗುರುತು. ಕೊಬ್ಬು ಅಂದುಬಿಟ್ಟರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಏಕೆಂದರೆ ಆಮ್ಲಜನಕ ಸೇರಿದ ಕೊಲೆಸ್ಟೆರಾಲನ್ನು, ಅಂದರೆ ಆಕ್ಸಿಸ್ಟೆರಾಲನ್ನು, ದೇಹವೇ ಬೇಕೆಂದು ತಯಾರಿಸುತ್ತದೆ. ಮಿದುಳಿನ ಕೊಲೆಸ್ಟೆರಾಲಿಗೆ ರಕ್ತದ ಗಡಿ ದಾಟಲು ಆಗುವುದಿಲ್ಲ. 24ನೇ ಇಂಗಾಲಕ್ಕೆ ಆಮ್ಲಜನಕ ಸೇರಿದರೆ ದಾಟುತ್ತದೆ. ಕಾಂಡುಚ್ ಮತ್ತು ಚೆನ್ 1970ರ ದಶಕದಲ್ಲಿ ಗಮನಿಸಿದ್ದು ಇನ್ನೂ ಸ್ವಾರಸ್ಯದ್ದು: ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕೊಲೆಸ್ಟೆರಾಲ್ ತಯಾರಿಕೆ ನಿಲ್ಲಲು ಶುದ್ಧ ಕೊಲೆಸ್ಟೆರಾಲ್ ಸಾಲದು, ಆಕ್ಸಿಸ್ಟೆರಾಲ್ ಹಾಕಿದರೆ ನಿಲ್ಲುತ್ತದೆ. ವೈರಸ್ ಬಂದಾಗ ಕೋಶಗಳು 25-ಹೈಡ್ರಾಕ್ಸಿಕೊಲೆಸ್ಟೆರಾಲ್ ಉತ್ಪಾದಿಸಿ ಅದರ ಪ್ರವೇಶವನ್ನು ತಡೆಯುತ್ತವೆ ಎಂಬುದು 2013ರ ಸುಮಾರಿಗೆ ಗೊತ್ತಾಯಿತು. ಮಿದುಳಿಗೆ ಬಾಗಿಲು ತೆರೆಯುವುದೂ ವೈರಸ್ಸಿಗೆ ಬಾಗಿಲು ಹಾಕುವುದೂ ಒಂದೇ ಕುಟುಂಬದ ಅಣುಗಳು.

ತುಪ್ಪದ ಪರ ಸಾಕ್ಷಿ ಬಂದದ್ದು ಮೈಸೂರಿನ ಸಿಎಫ್‌ಟಿಆರ್‌ಐನಿಂದ. ಕುಮಾರ್, ಸಾಂಬಯ್ಯ, ಲೋಕೇಶ್ ಅವರು ಇಲಿಗಳ ಆಹಾರದಲ್ಲಿ ಶೇ. 10ರವರೆಗೆ ತುಪ್ಪ ಬೆರೆಸಿ ಎಂಟು ವಾರ ಕೊಟ್ಟರು. 2000ದಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ರಕ್ತದ ಕೊಲೆಸ್ಟೆರಾಲ್ ಇಳಿದಿತ್ತು, ಪಿತ್ತರಸದಲ್ಲಿ ಅದು ಹೊರಹೋಗುವುದು ಹೆಚ್ಚಿತ್ತು. ಯಕೃತ್ತು ಪಿತ್ತಾಮ್ಲ ಮಾಡುವುದೂ ಕೊಲೆಸ್ಟೆರಾಲಿಗೆ ಆಮ್ಲಜನಕ ಸೇರಿಸಿಯೇ! ಆದರೂ ಇಲಿ ಮನುಷ್ಯನಲ್ಲ. ಈ ಲೇಖನ ಹಿಡಿದುಕೊಂಡು ತುಪ್ಪಕ್ಕೆ ಅಮೃತದ ಪಟ್ಟ ಕಟ್ಟುವವರನ್ನು ನಾನಂತೂ ಒಪ್ಪಲಾರೆ. ಅದರ ಸಂತೃಪ್ತ ಕೊಬ್ಬು ಎಲ್ಲಿಗೂ ಹೋಗಿಲ್ಲ.

ವಲಸಿಗರ ಒಗಟಿಗೆ ಹೆಚ್ಚು ಗಟ್ಟಿಯಾದ ಉತ್ತರ ಬಂದದ್ದು 1991ರಲ್ಲಿ, ಅದೇ ‘ಲ್ಯಾನ್ಸೆಟ್’ನಲ್ಲಿ. ಮೆಕೀಗ್, ಶಾ, ಮಾರ್ಮೊಟ್ ಅವರು ಲಂಡನ್ನಿನ ದಕ್ಷಿಣ ಏಷ್ಯಾದವರಲ್ಲಿ ಹೊಟ್ಟೆಯ ಬೊಜ್ಜನ್ನೂ ಇನ್ಸುಲಿನ್ನಿಗೆ ದೇಹ ಮಣಿಯದಿರುವುದನ್ನೂ ತೋರಿಸಿದರು. ಊರು ಬಿಟ್ಟು ಬಂದು, ಕುರ್ಚಿಯಲ್ಲೂ ಲೋಕಲ್ ರೈಲಿನಲ್ಲೂ ದಿನ ಕಳೆಯುವ ಕಲ್ಯಾಣ್, ನವಿ ಮುಂಬಯಿಯ ನಮ್ಮಂಥವರಿಗೆ ಲಂಡನ್ನಿನ ಈ ಚಿತ್ರ ಅಪರಿಚಿತವೇನಲ್ಲ.

ಅಂದಮೇಲೆ ಜೇಕಬ್ಸನ್ ಹೇಳಿದ್ದೆಲ್ಲ ಸುಳ್ಳೇ? ಅಲ್ಲ. ಶಾಖ, ಬೆಳಕು, ಗಾಳಿ, ಕಾಲ ಈ ನಾಲ್ಕೂ ಕೊಲೆಸ್ಟೆರಾಲನ್ನು ಕೆಡಿಸುತ್ತವೆ. ಹದವಾಗಿ ಕಾಯಿಸಿ ಬೇಗ ಮುಗಿಸುವ ತುಪ್ಪವೂ ಮತ್ತೆ ಮತ್ತೆ ಕರಿದ ತುಪ್ಪವೂ ಒಂದೇ ಅಲ್ಲ. (ಸ್ಟೇಷನ್ ಹೊರಗಿನ ವಡಾಪಾವ್ ಬಾಣಲೆಯ ಎಣ್ಣೆಯ ಅಪರಾಧ ಬೇರೆ: ಸಸ್ಯದ ಎಣ್ಣೆಯಲ್ಲಿ ಕೊಲೆಸ್ಟೆರಾಲ್ ಇಲ್ಲವೆನ್ನುವಷ್ಟು ಕಡಿಮೆ.) ಕಾಯಿಲೆಯ ರಕ್ತನಾಳದ ಗೋಡೆಯಲ್ಲಿ 7-ಕೀಟೊಕೊಲೆಸ್ಟೆರಾಲ್ ಸಿಗುವುದಂತೂ ನಿಜ. ಅದು ಊಟದಿಂದಲೂ ಬರಬಹುದು, ಗೋಡೆಯೊಳಗೆ ಸಿಕ್ಕಿಬಿದ್ದ ಎಲ್‌ಡಿಎಲ್ ಕಣ ಅಲ್ಲೇ ಕೆಟ್ಟು ಹುಟ್ಟಲೂಬಹುದು. ಅಣುವನ್ನು ನೋಡಿ ಅದರ ಊರು ಹೇಳಲು ಬರುವುದಿಲ್ಲ.